ದಾಸೋಹಕ್ಕೆ ರಜೆಯುಂಟೆ?



ದಾಸೋಹವೆಂಬ ಪದವು ನಮ್ಮ ನಾಡಿನ ಜನಜೀವನದಲ್ಲಿ ಬಹಳ ಆಳವಾಗಿ ಬೇರೂರಿದೆ. ಹಾಗೆ ಬೇರೂರಿರುವುದರಿಂದಲೇ ಅದರ ಅರ್ಥವೇನೆಂದು ನಾವು ಯಾರೂ ಕೇಳಿಕೊಳ್ಳುವುದಿಲ್ಲ. ಮಠದ ಅಂಗಳದಲ್ಲಿ ಪಂಕ್ತಿ ಕೂಡಿಸಿ ಉಣಬಡಿಸಿದರೆ ಅದು ದಾಸೋಹ; ಜಾತ್ರೆಯಲ್ಲಿ ಊರಿಗೆ ಊರೇ ಕೂಡಿ ಉಂಡರೆ ಅದು ಮಹಾದಾಸೋಹ. ಇಷ್ಟಕ್ಕೆ ನಮ್ಮ ತಿಳಿವಳಿಕೆ ನಿಂತುಬಿಡುತ್ತದೆ. ಆದರೆ ಶರಣರು ಈ ಪದವನ್ನು ಅನ್ನದ ಪ್ರಮಾಣದಿಂದ ಅಳೆದವರಲ್ಲ. 'ನಾನು ದಾಸನು' ಎಂಬ ಭಾವವೇ ಅದರ ತಿರುಳು. ದಾನ ಮಾಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ನೀಡುವವನೇ ಸೇವಕ, ಉಣ್ಣುವವನೇ ಒಡೆಯ. ಹೀಗಿರುವಲ್ಲಿ ಒಂದು ಪ್ರಶ್ನೆ ಏಳುತ್ತದೆ: ಒಡೆಯನು ಹಸಿದಿರುವಾಗ ಸೇವಕನು ರಜೆಯ ಮೇಲೆ ಹೋಗಬಹುದೇ?

ಈ ಪ್ರಶ್ನೆಯು ಕೇವಲ ತಾತ್ತ್ವಿಕವಾದುದಲ್ಲ. ಪ್ರತಿ ವರ್ಷ ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ನಮ್ಮ ಹಳ್ಳಿಯ ಶಾಲೆಗಳ ಬಾಗಿಲಿಗೆ ಬೀಗ ಬೀಳುವಾಗ ಅದು ನಮ್ಮೆದುರಿಗೆ ಬಂದು ನಿಲ್ಲುತ್ತದೆ.

ಹಿಂದಿನ ಸಂಗತಿಯನ್ನು ಸ್ವಲ್ಪ ನೆನೆಯೋಣ. 1995ರಲ್ಲಿ ಕೇಂದ್ರ ಸರ್ಕಾರವು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆಹಾರ ಒದಗಿಸುವ ಯೋಜನೆಯನ್ನು ಆರಂಭಿಸಿದಾಗ ಬಹುತೇಕ ರಾಜ್ಯಗಳಲ್ಲಿ ಮಕ್ಕಳ ಕೈಗೆ ಬಂದದ್ದು ಬೇಯಿಸಿದ ಅನ್ನವಲ್ಲ. ತಿಂಗಳಿಗೆ 3 ಕಿಲೋ ಧಾನ್ಯ. ಆ ಧಾನ್ಯವು ಮನೆಯ ಗಡಿಗೆಯನ್ನು ಸೇರುತ್ತಿತ್ತು. ಎಲ್ಲರ ಪಾಲಿಗೂ ಹಂಚಿಹೋಗುತ್ತಿತ್ತು. ಶಾಲೆಯಲ್ಲಿಯೇ ಬಿಸಿಯಾಗಿ ಬೇಯಿಸಿ ಬಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆದೇಶ ನೀಡಿತು. ತರುವಾಯ 2002ರ ಜೂನ್ ತಿಂಗಳಲ್ಲಿ ಬೀದರ, ಕಲಬುರ್ಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಾಪುರ, ಬಾಗಲಕೋಟೆ ಈ 7 ಜಿಲ್ಲೆಗಳಲ್ಲಿ ಮೊದಲಾಗಿ ಬಿಸಿಯೂಟ ಆರಂಭವಾಯಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಸರ್ಕಾರವು ಅದಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ಶರಣರ ನುಡಿಯೊಂದು ಸರ್ಕಾರದ ಕಡತವನ್ನು ಸೇರಿತೆಂದು ನಾವೆಲ್ಲರೂ ಹಿಗ್ಗಿದೆವು. ಆದರೆ ಹೆಸರನ್ನು ಪಡೆದ ಮೇಲೆ ಹೆಸರಿನ ಹೊಣೆಯೂ ಬರುತ್ತದೆಯಲ್ಲವೆ?

ಈ ಯೋಜನೆಯಂತೆ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ. ಅದರೊಡನೆ ಬೇಳೆ, ತರಕಾರಿ, ಎಣ್ಣೆ. 2013ರ ಆಗಸ್ಟ್‌ನಿಂದ ನಮ್ಮ ರಾಜ್ಯದಲ್ಲಿ ಹಾಲೂ ಸೇರಿತು. ಕೂಲಿಯವರ ಮನೆಯ ಮಗುವಿಗೆ ದಿನದ ಊಟಗಳಲ್ಲಿ ಬೇಳೆಯೂ ಪಲ್ಯವೂ ಒಟ್ಟಿಗೆ ದೊರೆಯುವ ಊಟ ಬಹುಮಟ್ಟಿಗೆ ಇದೊಂದೇ. ಆದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಈ ಊಟವನ್ನು ಮಗುವಿನ ಹಕ್ಕೆಂದು ಸಾರುವಾಗಲೇ ಒಂದು ಸಣ್ಣ ಷರತ್ತನ್ನು ಇಟ್ಟಿದೆ: ಶಾಲೆಯ ರಜಾದಿನಗಳ ಹೊರತಾಗಿ. ಬರೆದವರು ಇದನ್ನು ಕೆಟ್ಟ ಮನಸ್ಸಿನಿಂದ ಬರೆದಿರಲಾರರು. ಶಾಲೆ ಇಲ್ಲದ ದಿನ ಶಾಲೆಯ ಊಟ ಎಲ್ಲಿಂದ ಬಂದೀತು ಎಂಬುದು ಆಡಳಿತದ ಸಹಜ ತರ್ಕ. ಆದರೆ ಹಸಿವಿನ ತರ್ಕ ಬೇರೆ. ಮಗುವಿನ ಹೊಟ್ಟೆಗೆ ಶಾಲೆಯ ಪಂಚಾಂಗ ತಿಳಿಯದು. ಬೇಸಿಗೆಯ ರಜೆಯೆಂದರೆ ಸುಮಾರು 48 ದಿನ. ಉಳ್ಳವರ ಮನೆಯಲ್ಲಿ ಅದು ಮಾವಿನ ಹಣ್ಣಿನ ಕಾಲ, ಅಜ್ಜಿಯ ಊರಿಗೆ ಹೋಗುವ ಕಾಲ. ಬೆದ್ದಲು ಸೀಮೆಯ ಭೂಮಿಯಿಲ್ಲದ ಕೂಲಿಯವನ ಮನೆಯಲ್ಲಿ ಅದು ಸುಗ್ಗಿ ಮುಗಿದು ಮುಂಗಾರು ಬರುವ ಮುನ್ನಿನ ಕೆಲಸವಿಲ್ಲದ ಕಾಲ. ತಾಯಿ ನಸುಕಿನಲ್ಲಿಯೇ ಎದ್ದು ರೊಟ್ಟಿ ಬಡಿದಿಟ್ಟು ಸಿಕ್ಕಿದ ಕೂಲಿಗೆ ಹೋದರೆ, ಮಧ್ಯಾಹ್ನಕ್ಕೆ ಮಕ್ಕಳ ಪಾಲಿಗೆ ಉಳಿಯುವುದು ಆರಿದ ರೊಟ್ಟಿ ಮತ್ತು ಖಾರದ ಪುಡಿ. ತಮ್ಮ ತಂಗಿಯರಿಗೆ ಹಂಚಿದ ಮೇಲೆ ಹಿರಿಯ ಮಗುವಿಗೆ ಏನು ಉಳಿಯಿತೆಂದು ಯಾರೂ ಲೆಕ್ಕವಿಡುವುದಿಲ್ಲ.

ನ್ಯಾಯಾಲಯವು ಇದನ್ನು ಕಾಣದೆ ಇರಲಿಲ್ಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆಯ ರಜೆಯಲ್ಲಿಯೂ ಬಿಸಿಯೂಟ ನೀಡಬೇಕೆಂದು 2004ರ ಏಪ್ರಿಲ್ 20ರಂದು ಅದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2023ರಲ್ಲಿ ಮಳೆ ಕೈಕೊಟ್ಟು 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ, 2024ರ ಬೇಸಿಗೆಯಲ್ಲಿ ಬರದ ತಾಲೂಕುಗಳ ಶಾಲೆಗಳಲ್ಲಿ ರಜೆಯಲ್ಲಿಯೂ ಒಲೆ ಹೊತ್ತಿಸಲಾಯಿತು. ಇದು ಸ್ತುತ್ಯವಾದ ಕಾರ್ಯ. ರಜೆಯಲ್ಲಿ ಅಡುಗೆ ಸಾಧ್ಯವೇ ಇಲ್ಲವೆಂಬ ಮಾತಿಗೆ ಇದೇ ಉತ್ತರವೂ ಹೌದು.

ಆದರೂ ಇಲ್ಲಿ ನಿಂತು ವಿಚಾರ ಮಾಡಬೇಕಾದುದು ಒಂದುಂಟು. ಬರವನ್ನು ನಾವು ತಾಲೂಕಿನ ಲೆಕ್ಕದಲ್ಲಿ ಅಳೆಯುತ್ತೇವೆ. ಹಸಿವು ಮಾತ್ರ ಒಲೆಯ ಲೆಕ್ಕದಲ್ಲಿ ಇರುತ್ತದೆ. ಮಳೆ ಚೆನ್ನಾಗಿ ಬಂದು, ಕೆರೆ ತುಂಬಿ, ಹೊಲಗಳು ತೂಗಿದ ವರ್ಷದಲ್ಲಿಯೂ ತಂದೆ ಹಾಸಿಗೆ ಹಿಡಿದ ಮನೆಯಲ್ಲಿ ಬರವಿರುತ್ತದೆ. ಗಂಡನು ದುಡಿಮೆಗೆಂದು ದೂರದ ನಗರಕ್ಕೆ ಹೋಗಿ ಹಣ ಕಳುಹಿಸದ ಮನೆಯಲ್ಲಿ ಬರವಿರುತ್ತದೆ. ಆ ಬರವನ್ನು ಯಾವ ಸರ್ಕಾರವೂ ಘೋಷಿಸುವುದಿಲ್ಲ. ಘೋಷಿತವಾದ ಕಷ್ಟಕ್ಕೆ ಮಾತ್ರ ಕರಗುವ ಕರುಣೆಯು ದಾನವಾಗಬಹುದು. ಘೋಷಣೆಗೆ ಮೊದಲೇ ಬಾಗಿಲಲ್ಲಿ ನಿಂತು ಕರೆಯುವುದು ದಾಸೋಹ.

ಈ ಮಾತಿಗೆ ಆಕ್ಷೇಪಗಳುಂಟು. ಅವುಗಳನ್ನು ಸುಮ್ಮನೆ ತಳ್ಳಿಹಾಕುವುದು ಸಲ್ಲದು. 'ಮಕ್ಕಳನ್ನು ಸಾಕುವುದು ತಾಯಿತಂದೆಗಳ ಧರ್ಮ. ಅದನ್ನೂ ಸಮಾಜವೇ ಹೊತ್ತುಕೊಂಡರೆ ಅವರು ಹೊಣೆಗೇಡಿಗಳಾಗುವುದಿಲ್ಲವೆ?' ಎಂಬುದು ಮೊದಲನೆಯದು. ಶರಣಧರ್ಮವು ಕಾಯಕವನ್ನು ಎತ್ತಿಹಿಡಿದ ಧರ್ಮವಾದುದರಿಂದ ಈ ಮಾತು ನಮಗೆ ಬೇಗ ಹಿಡಿಸುತ್ತದೆ. ಆದರೆ ಕಾಯಕದ ಬೋಧೆಯು ದುಡಿಯಬಲ್ಲವನಿಗೆ ಹೇಳಿದುದೇ ಹೊರತು ಏಳು ವರ್ಷದ ಮಗುವಿಗೆ ಹೇಳಿದುದಲ್ಲ. ಮಗುವಿನ ಕಾಯಕ ಬೆಳೆಯುವುದು, ಕಲಿಯುವುದು. ತಂದೆಯು ಸೋಮಾರಿಯೇ ಆಗಿದ್ದರೂ ಆ ತಪ್ಪಿನ ದಂಡವನ್ನು ಮಗುವಿನ ಹೊಟ್ಟೆಯಿಂದ ವಸೂಲು ಮಾಡುವ ನ್ಯಾಯ ಎಲ್ಲಿಯದು? ಅದೂ ಅಲ್ಲದೆ, ನಾವು ಮಾತನಾಡುತ್ತಿರುವ ಮನೆಗಳಲ್ಲಿ ಬಹುಪಾಲು ಸೋಮಾರಿತನದ ಮನೆಗಳಲ್ಲ. ದುಡಿಯಲು ಸಿದ್ಧವಿದ್ದೂ ದುಡಿಮೆ ದೊರೆಯದ ಮನೆಗಳು.

'ಪಡಿತರದ ಅಕ್ಕಿ ಮನೆಗೆ ಬರುತ್ತಿದೆಯಲ್ಲ' ಎಂಬುದು ಎರಡನೆಯ ಆಕ್ಷೇಪ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಅನ್ನಕ್ಕೆ ಅಂಗಲಾಚುವ ದುಃಸ್ಥಿತಿ ಬಹಳ ತಗ್ಗಿತೆಂಬುದು ನಿಜ, ಅದಕ್ಕಾಗಿ ಕೃತಜ್ಞರಾಗಿರೋಣ. ಆದರೆ ಬರಿಯ ಅನ್ನದಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೇಳೆ, ಸೊಪ್ಪು, ಹಾಲುಗಳಿಗೆ ಕೈಯಲ್ಲಿ ಕಾಸು ಬೇಕು; ಬೇಯಿಸಿ ಬಡಿಸಲು ಮಧ್ಯಾಹ್ನ ಮನೆಯಲ್ಲಿ ಒಬ್ಬರು ಬೇಕು. ಒಣಧಾನ್ಯ ಸಾಲದೆ ಬಿಸಿಯೂಟ ಬಂದುದೇಕೆಂಬುದನ್ನು ಮೇಲೆಯೇ ಕಂಡೆವು. ಜೂನ್‌ನಿಂದ ಏಪ್ರಿಲ್‌ವರೆಗೆ ಸರಿಯಾದ ಆ ಕಾರಣವು ಮೇ ತಿಂಗಳಲ್ಲಿ ಸುಳ್ಳಾಗುವುದು ಹೇಗೆ?

ಮೂರನೆಯ ಆಕ್ಷೇಪವೇ ಗಟ್ಟಿಯಾದುದು. 'ರಜೆಯಲ್ಲಿ ಊಟವಿಟ್ಟರೂ ಬರುವ ಮಕ್ಕಳು ಕಡಿಮೆ. ಬಿಸಿಲಿನಲ್ಲಿ ಯಾರು ಬಂದಾರು?' ಎನ್ನುತ್ತಾರೆ. ಇದು ನಮ್ಮ ಬಡ ನಾಡಿನ ತೊಡಕು ಮಾತ್ರವಲ್ಲ. ಸಿರಿವಂತ ದೇಶವೆನಿಸಿದ ಅಮೆರಿಕದಲ್ಲಿ ಬಡಮಕ್ಕಳ ಬೇಸಿಗೆಯ ಊಟಕ್ಕೆ 1968ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1975ರಲ್ಲಿ ಪ್ರತ್ಯೇಕವಾಗಿ ರೂಪುಗೊಂಡ ಯೋಜನೆಯೊಂದಿದೆ. ಮಗುವು ಗೊತ್ತಾದ ಕೇಂದ್ರಕ್ಕೇ ಬಂದು ಅಲ್ಲಿಯೇ ಕುಳಿತು ಉಣ್ಣಬೇಕೆಂಬುದು ಅದರ ನಿಯಮವಾಗಿತ್ತು. ಮನೆಗಳು ಮೈಲುಗಟ್ಟಲೆ ಚದುರಿರುವ ಅಲ್ಲಿನ ಹಳ್ಳಿಗಾಡಿನಲ್ಲಿ ಮಕ್ಕಳು ಬರುವುದಾದರೂ ಹೇಗೆ? ಕಡೆಗೆ 2022ರ ಡಿಸೆಂಬರ್‌ನಲ್ಲಿ ಆದ ಕಾನೂನು, ಅಂಥ ಗ್ರಾಮೀಣ ಮಕ್ಕಳಿಗೆ ಊಟವನ್ನು ಮನೆಗೆ ಒಯ್ಯಲು ಅಥವಾ ಮನೆಗೇ ತಲುಪಿಸಲು ದಾರಿ ಮಾಡಿಕೊಟ್ಟಿತು. ಉಣ್ಣುವವನು ಬರಲಿಲ್ಲವೆಂದರೆ ಹಸಿವಿಲ್ಲವೆಂದು ತೀರ್ಮಾನಿಸದೆ, ನಾವು ಎಲೆ ಹಾಕಿದ ಜಾಗ ಸರಿಯಿದೆಯೇ ಎಂದು ನೋಡಬೇಕೆಂಬುದೇ ಇದರ ಪಾಠ. ನಮ್ಮಲ್ಲಿಯೂ ತಾಂಡಾಗಳಿಂದ, ತೋಟದ ಮನೆಗಳಿಂದ ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬರಿಗಾಲಿನ ಮಗು ಶಾಲೆಗೆ ಬರಲಾರದು. ಹೊತ್ತನ್ನು ಮುಂಜಾನೆಗೆ ತಂದರೆ, ದೂರದ ಕೇರಿಯಲ್ಲಿಯೇ ಒಂದು ಮರದ ನೆರಳಿನಲ್ಲಿ ಬಡಿಸಿದರೆ ಆಗದೆ?

ಇನ್ನೊಂದು ಸೂಕ್ಷ್ಮವೂ ಉಂಟು. ಶಾಲೆ ನಡೆಯುವಾಗ ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಾರೆ. ಯಾರ ಮನೆಯ ಒಲೆ ಉರಿಯಲಿಲ್ಲವೆಂಬುದು ಯಾರಿಗೂ ತಿಳಿಯದು. ರಜೆಯಲ್ಲಿ ಊಟಕ್ಕೆಂದೇ ಬರುವ ಮಗುವು ತನ್ನ ಬಡತನವನ್ನು ಊರಿಗೆ ಸಾರಿಕೊಂಡು ಬಂದಂತೆ. ಮಕ್ಕಳಿಗೂ ಮಾನವುಂಟು, ಹಸಿವನ್ನು ತಡೆದುಕೊಳ್ಳುವ ಮಗು ಅವಮಾನವನ್ನು ತಡೆದುಕೊಳ್ಳಲಾರದು. ಆದುದರಿಂದ ಊಟವನ್ನಷ್ಟೇ ಇಡಬಾರದು. ಆಟ, ಹಾಡು, ಕಥೆ, ಓದುಗಳನ್ನೂ ಅದರೊಡನೆ ಕೂಡಿಸಬೇಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿವೆ. ಅಲ್ಲಿ ಮಕ್ಕಳನ್ನು ಕೂಡಿಸಿದರೆ ಗೌಡರ ಮಗನೂ ಬರುತ್ತಾನೆ, ಕೂಲಿಯವನ ಮಗಳೂ ಬರುತ್ತಾಳೆ. ಇಬ್ಬರೂ ಒಟ್ಟಿಗೆ ಉಣ್ಣುತ್ತಾರೆ. ಯಾರು ಹಸಿದು ಬಂದರು, ಯಾರು ಆಡಲು ಬಂದರು ಎಂಬ ಭೇದ ಅಳಿಯುತ್ತದೆ. ಅಡುಗೆ ಮಾಡಿದವರ ಜಾತಿಯನ್ನು ಕೇಳಿ ಮಕ್ಕಳನ್ನು ಪಂಕ್ತಿಯಿಂದ ಬಿಡಿಸಿಕೊಂಡು ಹೋದ ಪ್ರಸಂಗಗಳು ನಮ್ಮ ನಾಡಿನಲ್ಲಿಯೇ ನಡೆದಿವೆ. ಕಲ್ಯಾಣದ ಮಹಾಮನೆಯ ಹೆಸರು ಹೇಳುವ ನಾವು ಅಂಥ ಕಡೆ ಮೊದಲು ಹೋಗಿ ಆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಉಪದೇಶಕ್ಕಿಂತ ಅದು ಹೆಚ್ಚು ಕೆಲಸ ಮಾಡೀತು.

ಈಗ ಅಡುಗೆಯ ತಾಯಂದಿರ ಮಾತು. ಬಿಸಿಯೂಟದ ಒಲೆಯ ಮುಂದೆ ನಿಲ್ಲುವವರು ಬಹುಮಟ್ಟಿಗೆ ಬಡ ಹೆಣ್ಣುಮಕ್ಕಳು. ಕೇಂದ್ರದ ಯೋಜನೆಯಂತೆ ಅವರಿಗೆ ಗೌರವಧನ ವರ್ಷದಲ್ಲಿ 10 ತಿಂಗಳಿಗೆ ಮಾತ್ರ. ಬೇಸಿಗೆಯಲ್ಲಿಯೂ ಅಡುಗೆ ಮಾಡಿರೆಂದು ಹೇಳುವವರು ಆ ದಿನಗಳ ಪ್ರತಿಫಲವನ್ನೂ ತಪ್ಪದೆ ಕೊಡಬೇಕು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕುದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಆತನನ್ನು ಹಿಂದಕ್ಕೆ ಕಳುಹಿಸಿದಳೆಂಬ ಕಥೆ ನಿಮಗೆಲ್ಲ ತಿಳಿದೇ ಇದೆ. ತನ್ನದಲ್ಲದುದರಿಂದ ನಡೆಸಿದ್ದು ದಾಸೋಹವಾಗದೆಂಬುದೇ ಆಕೆಯ ನಿಲುವು. ಹಾಗಿರುವಾಗ, ಬಡ ಹೆಂಗಸಿನ ಕೂಲಿಯನ್ನು ಉಳಿಸಿಕೊಂಡು ಬಡ ಮಗುವಿಗೆ ಉಣಿಸಿದರೆ ಆ ತಾಯಿ ಮೆಚ್ಚಿಯಾಳೆ? ಮದುವೆಮನೆಯಲ್ಲಿ ಮಿಕ್ಕುದನ್ನು ಹೊತ್ತೊಯ್ದು ಕೇರಿಯ ಮಕ್ಕಳಿಗೆ ಸುರಿಯುವುದನ್ನೂ ದಾಸೋಹವೆಂದು ಕರೆಯಬಾರದು. ಒಡೆಯನಿಗೆ ಮೀಸಲು ಸಲ್ಲಬೇಕು, ಮಿಕ್ಕುದಲ್ಲ.

ಕಡೆಗೆ ನಮ್ಮನ್ನು ನಾವು ಕೇಳಿಕೊಳ್ಳೋಣ. ಕಾಯ್ದೆಯಲ್ಲಿ ರಜೆಯ ಷರತ್ತಿದೆಯೆಂದು ಸರ್ಕಾರವನ್ನು ದೂರುವ ಮುನ್ನ ನಮ್ಮ ಮಠಗಳ ಪ್ರಸಾದನಿಲಯಗಳನ್ನು ನೋಡಿಕೊಳ್ಳಬೇಕು. ನಾಡಿನ ಮಠಗಳು ಜಾತಿ ಮತಗಳನ್ನು ಎಣಿಸದೆ ಬಡ ವಿದ್ಯಾರ್ಥಿಗಳಿಗೆ ಅನ್ನವಿಕ್ಕಿದ ಚರಿತ್ರೆ ಹೆಮ್ಮೆಯದು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳ ಊಟವನ್ನೇ ತಮ್ಮ ಪೂಜೆಯೆಂದು ನಡೆಸಿದರು. ಆದರೆ ಬೇಸಿಗೆ ಬಂದೊಡನೆ ನಮ್ಮ ನಿಲಯದ ಹುಡುಗರೂ ಟ್ರಂಕು ಹೊತ್ತು ತಮ್ಮ ಹಳ್ಳಿಗಳಿಗೆ ಹೋಗುತ್ತಾರೆ. ಅಡುಗೆಮನೆಯ ದೊಡ್ಡ ಕೊಪ್ಪರಿಗೆಗಳು ಬೋರಲಾಗುತ್ತವೆ. ಆ ಹುಡುಗರು ಯಾವ ಮನೆಗೆ ಹೋದರು, ಅಲ್ಲಿ ಅವರ ಪಾಲಿಗೆ ಏನು ಬೇಯುತ್ತಿದೆ ಎಂದು ನಾವು ಕೇಳಿದ್ದೇವೆಯೆ? ಹತ್ತು ತಿಂಗಳು ನಮ್ಮ ಮಕ್ಕಳೆಂದುಕೊಂಡವರು ಉಳಿದ ಎರಡು ತಿಂಗಳು ಯಾರ ಮಕ್ಕಳು?

ವಾಚಕರೇ, ಲೆಕ್ಕ ದೊಡ್ಡದಲ್ಲ. ದಿನಕ್ಕೆ 100 ಗ್ರಾಂ ಎಂದರೆ 48 ದಿನಗಳಿಗೆ ಒಂದು ಮಗುವಿಗೆ 5 ಕಿಲೋ ಧಾನ್ಯವೂ ಬೇಕಿಲ್ಲ. ಒಂದು ಊರಿನ 50 ಮಕ್ಕಳಿಗೆ ಐದು ಚೀಲ ಅಕ್ಕಿ ಸಾಕು. ಅದರ ಮೇಲೆ ಬೇಳೆ, ಎಣ್ಣೆ, ಕಾಯಿಪಲ್ಯ, ಅಡುಗೆಯ ತಾಯಿಯ ಸಂಬಳ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಮೊದಲು ಎತ್ತಿಟ್ಟ ಹಿಡಿಧಾನ್ಯ ಕೂಡಿದರೆ ಇಷ್ಟು ಆಗದೆ ಇದ್ದೀತೆ? ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ಗಂಟುಗಳನ್ನು ಹೊತ್ತು ತರುವ ಜನ ನಮ್ಮವರೇ ಅಲ್ಲವೆ? ಕೊಡುವ ಮನಸ್ಸಿಗೆ ನಮ್ಮಲ್ಲಿ ಬರವಿಲ್ಲ. ಜಾತ್ರೆಯಿಲ್ಲದ ದಿನವೂ, ಯಾರೂ ನೋಡದ ದಿನವೂ ಕೊಡಬೇಕೆಂಬ ಎಚ್ಚರಕ್ಕೆ ಬರವಿದೆ. ಸರ್ಕಾರವು ಪ್ರತಿ ಬೇಸಿಗೆಯಲ್ಲಿಯೂ ಈ ಊಟವನ್ನು ನಡೆಸಬೇಕೆಂದು ಕೇಳುವುದು ನಮ್ಮ ಹಕ್ಕು. ಅದು ನಡೆಯುವವರೆಗೆ ಕೈಕಟ್ಟಿ ಕೂಡದಿರುವುದು ನಮ್ಮ ಧರ್ಮ.

ಬರುವ ಏಪ್ರಿಲ್‌ನಲ್ಲಿ ನಿಮ್ಮೂರಿನ ಶಾಲೆಗೆ ಬೀಗ ಬಿದ್ದ ಮರುದಿನ ಮಧ್ಯಾಹ್ನ, ನೀವು ಉಣ್ಣಲು ಕೂಡುವ ಮುನ್ನ ಒಮ್ಮೆ ಕೊನೆಯ ಕೇರಿಯವರೆಗೆ ನಡೆದು ಬನ್ನಿರಿ. ಅಲ್ಲಿ ಕಂಡುದೇನೆಂದು ಯಾರಿಗೂ ಹೇಳಬೇಕಾಗಿಲ್ಲ. ಮನೆಗೆ ಬಂದು ನಿಮ್ಮ ತಾಟಿನ ಮುಂದೆ ಕುಳಿತಾಗ ಏನು ಮಾಡಬೇಕೆಂಬುದು ನಿಮಗೇ ತಿಳಿಯುತ್ತದೆ.