ಕೂಸಿನ ಆಟಕ್ಕೆ ಫಲ ಕೇಳಬೇಕೇ?

ಯಾವ ಕೊರತೆಯೂ ಇಲ್ಲದ ದೇವರು ಜಗತ್ತನ್ನೇಕೆ ಸೃಷ್ಟಿಸಬೇಕು? ಈ ಪ್ರಶ್ನೆಗೆ ಬ್ರಹ್ಮಸೂತ್ರದ ಎರಡನೇ ಅಧ್ಯಾಯ ಕೊಡುವ ಉತ್ತರ ಲೀಲೆ. ಬಯಸಿದ್ದೆಲ್ಲ ಕೈಗೂಡಿದ ರಾಜ ಲಾಭವನ್ನೆಣಿಸದೆ ವಿಹಾರಕ್ಕೆ ತೊಡಗುವಂತೆ ಎಂದು ಶಂಕರರು ವಿವರಿಸಿದರು. ಮಧ್ವಾಚಾರ್ಯರ ದೃಷ್ಟಾಂತ ಇನ್ನೂ ಲವಲವಿಕೆಯದು: ಸುಖ ಉಕ್ಕಿ ಮೈಮರೆತವನು ಕುಣಿದು ಹಾಡುವಂತೆ. ಕುಣಿದು ಅವನು ಪಡೆಯಬೇಕಾದದ್ದೇನೂ ಇಲ್ಲ, ಸಂತೋಷ ಮೊದಲೇ ಇದೆ. ವಿಷ್ಣುಪುರಾಣವಂತೂ ಭಗವಂತನ ಚೇಷ್ಟೆಯನ್ನು ಆಡುವ ಬಾಲಕನ ಚೇಷ್ಟೆಗೇ ಹೋಲಿಸುತ್ತದೆ.

ಸೃಷ್ಟಿಗೇ ಪ್ರಯೋಜನ ಕೇಳದ ಈ ನೆಲದಲ್ಲಿ ಇಂದು ಎಂಟು ತಿಂಗಳ ಕೂಸಿನ ಆಟಕ್ಕೆ ಪ್ರಯೋಜನ ಕೇಳಲಾಗುತ್ತಿದೆ. ಬುದ್ಧಿ ಚುರುಕಾಗುತ್ತದೆ, ಲೆಕ್ಕ ಬರುತ್ತದೆ ಎಂದು ಆಟಿಕೆಯ ಡಬ್ಬಿಗಳು ಭರವಸೆ ಕೊಡುತ್ತವೆ.

ಆಟಕ್ಕೆ ಆಳವಾದ ಅರ್ಥ ಹುಡುಕಿದವರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ದೊಡ್ಡ ಹೆಸರು. ಪಾದ್ರಿಯ ಮಗನಾದ ಆತ 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಹಸುಗೂಸಿಗೆ ಆತ ಆರಿಸಿದ ಮೊದಲ ಆಟಿಕೆ ಆರು ಬಣ್ಣದ ಉಣ್ಣೆಯ ಚೆಂಡುಗಳು; ಚೆಂಡಿನ ದುಂಡುತನದಲ್ಲಿ ಆತನಿಗೆ ಕಂಡದ್ದು ದೇವರಲ್ಲಿ ಎಲ್ಲವೂ ಒಂದಾಗಿರುವ ಸತ್ಯ. ಇಷ್ಟು ದೈವಭಕ್ತನ ಶಾಲೆಗಳನ್ನೇ ನಾಸ್ತಿಕತೆ ಹರಡುತ್ತವೆಂದು ಪ್ರಷ್ಯಾ ಸರ್ಕಾರ 1851ರಲ್ಲಿ ನಿಷೇಧಿಸಿತು. ನಿಷೇಧ ತೆರವಾದದ್ದು 1860ರಲ್ಲಿ; ಅಷ್ಟರಲ್ಲಿ ಫ್ರೋಬೆಲ್ ತೀರಿಕೊಂಡು ಎಂಟು ವರ್ಷವಾಗಿತ್ತು.

ಆ ತತ್ತ್ವದ ಗೊಡವೆ ಕೂಸಿಗಿಲ್ಲ. ಆದರೂ ಆಯ್ಕೆ ಸರಿಯಾಗಿತ್ತು: ಉಣ್ಣೆಯ ಚೆಂಡು ಮೆತ್ತಗಿರುತ್ತದೆ, ಪುಟ್ಟ ಮುಷ್ಟಿ ಅದನ್ನು ಗಟ್ಟಿಯಾಗಿ ಹಿಡಿಯಬಲ್ಲದು, ಮುಖಕ್ಕೆ ಬಡಿದರೂ ನೋವಿಲ್ಲ. ವಯಸ್ಸು ನೋಡಬೇಕಾದದ್ದು ಇಂಥ ಕಾರಣಗಳಿಗೆ. ನಾಲ್ಕೈದು ತಿಂಗಳಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಆಗ ಒಡೆಯದ, ಬಣ್ಣ ಬಿಡದ ಗಿಲಕಿ ಬೇಕು. ಬಚ್ಚಿಟ್ಟ ವಸ್ತುವನ್ನು ಮಗು ಹುಡುಕತೊಡಗುವುದು ಸುಮಾರು ಎಂಟು ತಿಂಗಳಿಗೆ ಎಂದು ಮನೋವಿಜ್ಞಾನಿ ಪಿಯಾಜೆ ಗುರುತಿಸಿದ. ಅದಕ್ಕೆ ಅದೇ ಗಿಲಕಿಯ ಮೇಲೆ ಅಮ್ಮನ ಸೆರಗು ಮುಚ್ಚಿದರೆ ಸಾಕು, ಹೊಸದೇನೂ ಕೊಳ್ಳಬೇಕಿಲ್ಲ. ಎರಡು ವರ್ಷದ ಹೊತ್ತಿಗೆ ಸೌಟು ಫೋನಾಗುತ್ತದೆ, ದಿಂಬು ಪಾಪುವಾಗುತ್ತದೆ.

‘ಮೂರು ವರ್ಷದೊಳಗಿನ ಮಕ್ಕಳಿಗಲ್ಲ’ ಎಂಬ ಸೂಚನೆಯನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ತಮ್ಮ ಮಗು ಜಾಣ, ಎರಡಕ್ಕೇ ಕೊಡಬಹುದು ಎಂದುಕೊಳ್ಳುತ್ತಾರೆ. ಆ ಸೂಚನೆ ಜಾಣತನದ್ದಲ್ಲ, ಗಂಟಲಿನದು. 31.7 ಮಿಲಿಮೀಟರ್ ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯುವ ಚೂರು ಕೂಸಿನ ಉಸಿರುಗಟ್ಟಿಸಬಲ್ಲದು. ಎಷ್ಟೇ ಚುರುಕಾದ ಮಗುವಿನ ಗಂಟಲೂ ಅಷ್ಟೇ ಕಿರಿದು.

2021ರ ಜನವರಿಯಿಂದ ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಭೌಗೋಳಿಕ ಸೂಚಿಯಡಿ ನೋಂದಾಯಿತರಾದ ಕುಶಲಕರ್ಮಿಗಳ ಸರಕಿಗೆ ವಿನಾಯಿತಿಯಿದೆ; ಚನ್ನಪಟ್ಟಣದ ಗೊಂಬೆಗಳು ಆ ಸೂಚಿಯಲ್ಲಿವೆ. ಹಾಗಾಗಿ ಅಲ್ಲಿ ಕೊಳ್ಳುವವರು ಬಣ್ಣ ಯಾವುದೆಂದು ಕೇಳಿ ತಿಳಿಯುವುದು ಒಳ್ಳೆಯದು. ಆಲೆಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಅರಗಿಗೆ ಅರಿಸಿನದಂಥ ಸಸ್ಯಮೂಲದ ಬಣ್ಣ ಬೆರೆಸಿದ್ದರೆ ಕೂಸು ಚೀಪಿದರೂ ಭಯ ಕಡಿಮೆ.

ಅಲ್ಲಿಂದ ತಂದ ಗೂಟಕ್ಕೆ ಉಂಗುರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಪೋಣಿಸುವುದು ದೊಡ್ಡವರ ಲೆಕ್ಕ. ಒಂದೂವರೆ ವರ್ಷದ ಮಗು ಅವನ್ನು ಉರುಳಿಸುತ್ತದೆ, ಕಚ್ಚುತ್ತದೆ, ತಲೆಯ ಮೇಲಿಟ್ಟುಕೊಂಡು ನಗುತ್ತದೆ. ಆಗ ಕೈಹಿಡಿದು ತಿದ್ದುವ ತಂದೆತಾಯಿ ಸ್ವಲ್ಪ ತಡೆಯಬೇಕು. ಪೋಣಿಸುವುದು ಮುಂದೆ ತಾನಾಗಿ ಬರುತ್ತದೆ. ಉಂಗುರ ಬಾಯಿಗೆ ಹಿಡಿಸದಷ್ಟು ದೊಡ್ಡದೇ, ಗೂಟದ ತುದಿ ಮೊಂಡಾಗಿದೆಯೇ ಎಂದು ಅವರು ನೋಡಿಕೊಂಡಿದ್ದರೆ ಅವರ ಪಾಲಿನ ಕೆಲಸ ಮುಗಿದಿದೆ.