ಎಣ್ಣೆ ಹಚ್ಚುವ ಕೈಗಳು

ಕೊಚ್ಚಿಯ ಕಾಕ್ಕನಾಡಿನಲ್ಲಿ ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನನ್ನ ಕತ್ತು ಹಿಡಿದುಕೊಂಡಿತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕರ್ಕಟಕ ಮಾಸವನ್ನು ಮಲಯಾಳಿಗಳು ಮೈಯ ಆರೈಕೆಗೆಂದೇ ಎತ್ತಿಡುತ್ತಾರೆ. ಆ ಮಳೆಯ ತಿಂಗಳಲ್ಲಿ ನಾನೂ ಏಳು ದಿನದ ಎಣ್ಣೆ ಚಿಕಿತ್ಸೆಗೆ ಹಣ ಕಟ್ಟಿದೆ.

ಮರದ ಹಲಗೆಯ ಮೇಲೆ ಮಲಗಿದರೆ ಚೇಚಿ ಬೆಚ್ಚಗಿನ ತೈಲವನ್ನು ನೆತ್ತಿಗೆ ಇಟ್ಟು ಅಂಗಾಲಿನವರೆಗೆ ಇಳಿಯುತ್ತಿದ್ದರು. ತೋಳು, ತೊಡೆಗಳ ಮೇಲೆ ಕೈ ಉದ್ದಕ್ಕೆ ಸಾಗುತ್ತಿತ್ತು. ಕೀಲು ಬಂದಲ್ಲಿ ಗುಂಡಗೆ ಸುತ್ತುತ್ತಿತ್ತು. ಮೂರನೆಯ ದಿನ ಅವರು ತಮ್ಮ ಮಣಿಕಟ್ಟನ್ನು ಕೊಡವಿಕೊಳ್ಳುವುದು ಕಂಡಿತು. ನನ್ನ ಅರೆಬರೆ ಮಲಯಾಳದಲ್ಲಿ, 'ಚೇಚಿ, ನಿಮಗೆ ಯಾರು ಎಣ್ಣೆ ಹಚ್ಚುತ್ತಾರೆ?' ಎಂದೆ. ಅವರು ನಕ್ಕರು. 'ಮನೆ ಸೇರುವಾಗ ಏಳೂವರೆ ಮೋಳೆ. ಆಮೇಲೆ ಅಡುಗೆ.'

ಸಹೋದ್ಯೋಗಿಯೊಬ್ಬಳಿಗೆ ಹೇಳಿದಾಗ, 'ಅವರದು ಕಲಿತ ಕೆಲಸ, ನೀನು ಕೊಡುವುದು ಕೂಲಿ. ಇದರಲ್ಲಿ ತಪ್ಪೇನು?' ಎಂದಳು. ತಪ್ಪಿಲ್ಲ, ನಿಜ. ಆದರೂ ದುಡ್ಡಿಲ್ಲದೆ ಸಿಗುತ್ತಿದ್ದ ಆರೈಕೆಯೇ ಶುದ್ಧ ಎಂದು ನನ್ನ ಮನಸ್ಸು ವಾದ ಹೂಡಿತ್ತು. ಮಂಡ್ಯದ ನಮ್ಮ ಮನೆಯಲ್ಲಿ ನೀರು ತುಂಬುವ ಹಬ್ಬದ ಮರುದಿನ ಬೆಳಕು ಹರಿಯುವ ಮೊದಲೇ ಅವ್ವ ಹಂಡೆಗೆ ಉರಿ ಹಾಕಿ, ನಮ್ಮೆಲ್ಲರಿಗೂ ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಎರೆಯುತ್ತಿದ್ದಳು. ಎಷ್ಟೋ ಸಲ ಇದನ್ನು ಗೆಳೆಯರಿಗೆ ಬಣ್ಣಿಸಿದ್ದೇನೆ. ಚೇಚಿಯ ಮಾತಾದ ಮೇಲೆ ಬಿಟ್ಟುಹೋಗಿದ್ದ ಒಂದು ನೆನಪು ಬಂತು. ಅವ್ವ ಕೊನೆಯಲ್ಲಿ, ಹಂಡೆಯ ತಳದ ಉಗುರುಬೆಚ್ಚಗಿನ ನೀರಿನಲ್ಲಿ ಒಬ್ಬಳೇ ಮಿಂದು ಬರುತ್ತಿದ್ದಳು. ಅವಳ ಬೆನ್ನಿಗೆ ಯಾರ ಕೈಯೂ ಹೋಗಿದ್ದಿಲ್ಲ. ಚೇಚಿಗೆ ಸಂಬಳವಾದರೂ ಇದೆ.

ಸೆಪ್ಟೆಂಬರಿನಲ್ಲಿ ಆಫೀಸಿನ ಕೆಲಸಕ್ಕೆ ತಿರುವನಂತಪುರಕ್ಕೆ ಹೋದಾಗ, ಅಲ್ಲಿನ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಓದುತ್ತಿರುವ ಕಾಸರಗೋಡಿನ ಕನ್ನಡದ ಹುಡುಗಿಯೊಬ್ಬಳನ್ನು ಭೇಟಿಯಾದೆ. 1889ರಲ್ಲಿ ಪಾಠಶಾಲೆಯಾಗಿ ಶುರುವಾದ ಸಂಸ್ಥೆ ಅದು. ದಿನವೂ ಎಣ್ಣೆ ಹಚ್ಚಿಕೊಳ್ಳಬೇಕೆಂದು ಎಲ್ಲಿ ಬರೆದಿದೆ ಎಂದು ಕೇಳಿದೆ. 'ಅಷ್ಟಾಂಗಹೃದಯದ ದಿನಚರ್ಯೆ ಅಧ್ಯಾಯದಲ್ಲಿ, ಅಕ್ಕ' ಎಂದು ಅರ್ಥ ಬಿಡಿಸಿದಳು. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕು; ಆಯಾಸ ಕಳೆಯುತ್ತದೆ, ನಿದ್ದೆ ಬರುತ್ತದೆ; ಅಜೀರ್ಣವಾದಾಗ ಕೂಡದು. ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಜೀವನೋಪಾಯವಿಲ್ಲದವರಿಗೆ, ರೋಗಿಗಳಿಗೆ, ದುಃಖದಲ್ಲಿರುವವರಿಗೆ ಕೈಲಾದಷ್ಟು ನೆರವಾಗಬೇಕು, ಹುಳು ಇರುವೆಗಳನ್ನೂ ತನ್ನಂತೆಯೇ ಕಾಣಬೇಕು ಎಂದು ವಾಗ್ಭಟ ಹೇಳುತ್ತಾನಂತೆ.

ರೈಲಿನಲ್ಲಿ ವಾಪಸು ಬರುವಾಗ ಅದೇ ತಲೆಯಲ್ಲಿ ಸುತ್ತುತ್ತಿತ್ತು. ವಾಗ್ಭಟನಿಗೆ ಮೈಗೆ ಎಣ್ಣೆ, ಮತ್ತೊಬ್ಬರ ನೋವಿಗೆ ಗಮನ ಎರಡೂ ಒಂದೇ ದಿನದ ಕೆಲಸಗಳು. ನಾನು ಮೊದಲ ಅರ್ಧವನ್ನು ಮಾತ್ರ ಕೊಂಡು, ಅದಕ್ಕೆ ಆರೋಗ್ಯವೆಂದು ಹೆಸರಿಟ್ಟಿದ್ದೆ. ಹಣ ಕೊಟ್ಟು ಆರೈಕೆ ಪಡೆಯುವುದು ತಪ್ಪಲ್ಲ. ಹಣ ಕೊಟ್ಟಾಯಿತು, ಇನ್ನು ಆ ಕೈಯ ನೋವು ನನಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವಲ್ಲಿ ತಪ್ಪು ಶುರುವಾಗುತ್ತದೆ. ಪ್ರೀತಿಯಿಂದ ಮಾಡುತ್ತಾಳೆ ಎಂದು ಅವ್ವನ ಬೆನ್ನನ್ನು ಮರೆತದ್ದೂ ಅಂಥದ್ದೇ ತಪ್ಪು.

ಈ ದೀಪಾವಳಿಗೆ ಊರಿಗೆ ಹೋಗಿ ಅವ್ವನನ್ನು ಮೊದಲು ಮಣೆಯ ಮೇಲೆ ಕೂರಿಸಿದೆ. 'ನಂಗ್ಯಾಕವ್ವ, ಒಲೆ ಮೇಲೆ ಹಾಲಿಟ್ಟಿವ್ನಿ' ಎಂದು ಏಳಲು ನೋಡಿದಳು. ಬಿಡಲಿಲ್ಲ. ಒಡೆದ ಹಿಮ್ಮಡಿ ಎಣ್ಣೆಯನ್ನು ಹೀರುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಮುಚ್ಚಿದಳು, ಹಾಲು ಉಕ್ಕಿತು, ಇಬ್ಬರೂ ಏಳಲಿಲ್ಲ.

ಚೇಚಿಯ ಮಣಿಕಟ್ಟಿಗೆ ನನ್ನಲ್ಲಿ ಇಂಥ ಸುಲಭದ ಉತ್ತರವಿಲ್ಲ. ಮುಂದಿನ ಕರ್ಕಟಕಕ್ಕೆ ಹೋದಾಗ, ದಿನಕ್ಕೆ ಎಷ್ಟು ಜನರಿಗೆ ಹಚ್ಚುತ್ತೀರಿ, ನಡುವೆ ಬಿಡುವು ಕೊಡುತ್ತಾರೆಯೇ ಎಂದು ಅವರನ್ನು ಕೇಳಬೇಕು. ಇಲ್ಲವೆಂದರೆ, ಹಣ ಕಟ್ಟುವ ಮೊದಲು ಆ ಮಾತನ್ನು ಮಾಲೀಕರ ಮುಂದೆ ನಾನೇ ಎತ್ತಬೇಕು.