ಹೆಸರಿಲ್ಲದ ಬಿಲ್ಲೆ

ಪದಕದ ಬೆಲೆ ಅದನ್ನು ಪಡೆದವನ ಸಾಹಸದಲ್ಲಿದೆ ಎಂದು ನಾವು ನಂಬಿದ್ದೇವೆ. ಸಂಗ್ರಹಕಾರರ ಸಂತೆಯ ಲೆಕ್ಕವೇ ಬೇರೆ. ಅಲ್ಲಿ ಕೇಳುವುದು ಒಂದೇ ಮಾತು: ಇಂಥವು ಇನ್ನೆಷ್ಟು ಉಳಿದಿವೆ? ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಆಡಳಿತಕ್ಕೆ ಕೈಜೋಡಿಸಿದ ಬೆಲ್ಜಿಯಂನ ಸಂಘಟನೆಗಳ ಬ್ಯಾಡ್ಜು, ಬಿಲ್ಲೆ, ಪದಕಗಳಿಗೆ ಈ ಸಂತೆಯಲ್ಲಿ ಒಳ್ಳೆಯ ಬೆಲೆ ಇದೆ. ಕಾರಣ, ಅವು ಅಪರೂಪ. ಒಂದು ಕಾಲಕ್ಕೆ ಎದೆಯ ಮೇಲೆ ಮೆರೆಸಿದವರಿಗೇ ಅವನ್ನು ಮನೆಯಲ್ಲಿಟ್ಟುಕೊಳ್ಳಲು ಅಂಜಿಕೆಯಾದ ದಿನ ಬಂತು. ಇಂದಿನ ಬೆಲೆಯನ್ನು ಏರಿಸಿದ್ದು ಅಂದಿನ ಆ ಅಂಜಿಕೆ.

1940ರ ಮೇ 28ರಂದು ಬೆಲ್ಜಿಯಂನ ಸೇನೆ ಜರ್ಮನರಿಗೆ ಶರಣಾಯಿತು. ಡಚ್ ಮಾತಾಡುವ ಫ್ಲಾಂಡರ್ಸ್‌ನಲ್ಲಿ 1933ರಲ್ಲೇ ಸ್ಟಾಫ್ ಡೆ ಕ್ಲೆರ್ಕ್ ಕಟ್ಟಿದ್ದ ಫ್ಲೆಮಿಶ್ ರಾಷ್ಟ್ರೀಯ ಒಕ್ಕೂಟವಿತ್ತು. ಫ್ರೆಂಚ್ ಮಾತಾಡುವ ವಲೋನಿಯಾದ ಕಡೆ ಲಿಯೋನ್ ಡೆಗ್ರೆಲ್‌ನ ರೆಕ್ಸ್ ಪಕ್ಷ. 1936ರ ಚುನಾವಣೆಯಲ್ಲಿ ರೆಕ್ಸ್ 21 ಸ್ಥಾನ ಗೆದ್ದು ದೇಶವನ್ನೇ ಬೆಚ್ಚಿಬೀಳಿಸಿತ್ತು. ಫ್ಲೆಮಿಶರಿಗೆ ತಮ್ಮ ನುಡಿಯನ್ನು ಫ್ರೆಂಚ್ ತುಳಿದಿದೆ ಎಂಬ ನಿಜವಾದ ನೋವಿತ್ತು. ಡೆಗ್ರೆಲ್‌ಗೆ ಅಧಿಕಾರದ ಹಸಿವಿತ್ತು. ದಾರಿಗಳು ಬೇರೆಯಾದರೂ ಇಬ್ಬರೂ ಹೋಗಿ ಸೇರಿದ್ದು ಒಂದೇ ಬಾಗಿಲಿಗೆ, ಹಿಟ್ಲರನ ಬಾಗಿಲಿಗೆ. 1941ರಲ್ಲಿ ಎರಡೂ ಕಡೆಯಿಂದ ಸ್ವಯಂಸೇವಕರ ಲೀಜನ್‌ಗಳು ರಷ್ಯಾದ ಯುದ್ಧಕ್ಕೆ ಹೊರಟವು. ವೃತ್ತದೊಳಗಿನ ತ್ರಿಕೋನ, ಕಪ್ಪು ಸಿಂಹ, ಶಿಲುಬೆ–ಕಿರೀಟದ ರೆಕ್ಸ್ ಗುರುತು, ಬರ್ಗಂಡಿಯ ಓರೆ ಶಿಲುಬೆ: ಸಂಗ್ರಹಕಾರರು ಇಂದು ಹುಡುಕುವ ಗುರುತುಗಳು ಇವೇ.

ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಾಗ ಇವು ಚೆಂದವಾಗಿಯೇ ಕಾಣುತ್ತವೆ. ಎನಾಮೆಲಿನ ಹೊಳಪು, ಅಚ್ಚಿನ ನಯಗಾರಿಕೆ ಎಲ್ಲ ಸರಿಯಾಗಿದೆ. ಆದರೆ 1941ರ ಏಪ್ರಿಲ್ 14, ಈಸ್ಟರ್ ಸೋಮವಾರ, ಆಂಟ್ವೆರ್ಪ್ ನಗರದಲ್ಲಿ ಯಹೂದಿದ್ವೇಷದ ಸಿನಿಮಾ ನೋಡಿ ಹೊರಬಿದ್ದ ಗುಂಪು ಯಹೂದಿಗಳ ಅಂಗಡಿಗಳ ಗಾಜು ಒಡೆಯಿತು, ಸಿನಗಾಗ್‌ಗಳಿಗೆ ಬೆಂಕಿ ಹಚ್ಚಿತು. ಆ ಗುಂಪಿನಲ್ಲಿ ಫ್ಲೆಮಿಶ್ ಒಕ್ಕೂಟದ ಕಪ್ಪು ಸಮವಸ್ತ್ರದ ದಳದವರೂ ಹಿಟ್ಲರನ ಎಸ್‌ಎಸ್ ಪಡೆಯ ಫ್ಲೆಮಿಶ್ ಶಾಖೆಯವರೂ ಇದ್ದರು. 1944ರ ಆಗಸ್ಟ್‌ನಲ್ಲಿ ತಮ್ಮ ಪಕ್ಷದ ಮೇಯರ್ ಕೊಲೆಯಾದದ್ದಕ್ಕೆ ಸೇಡೆಂದು ಶಾರ್ಲ್‌ರುವಾ ಬಳಿಯ ಕೂರ್ಸೆಲ್‌ನಲ್ಲಿ ರೆಕ್ಸ್‌ನವರು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಮೆಖೆಲೆನ್‌ನ ಡೋಸಿನ್ ಬ್ಯಾರಕ್‌ನಿಂದ 25,000ಕ್ಕೂ ಹೆಚ್ಚು ಯಹೂದಿಗಳನ್ನೂ ರೋಮಾ ಜನರನ್ನೂ ಪೂರ್ವದ ಶಿಬಿರಗಳಿಗೆ ಸಾಗಿಸಲಾಯಿತು. ಬದುಕಿ ಬಂದವರು ನೂರಕ್ಕೆ ಐವರೂ ಇಲ್ಲ.

1944ರ ಸೆಪ್ಟೆಂಬರ್‌ನಲ್ಲಿ ದೇಶದ ಬಹುಭಾಗ ಬಿಡುಗಡೆಯಾಯಿತು. ಜರ್ಮನರೊಡನೆ ಕೈಜೋಡಿಸಿದವರ ಮೇಲೆ ಮಿಲಿಟರಿ ನ್ಯಾಯಾಲಯಗಳು ನಾಲ್ಕು ಲಕ್ಷಕ್ಕೂ ಹೆಚ್ಚು ಕಡತ ತೆರೆದವು. 242 ಜನರ ಮರಣದಂಡನೆ ಜಾರಿಯಾಯಿತು. ಜೈಲು ಕಂಡವರು, ಮತದ ಹಕ್ಕು ಕಳೆದುಕೊಂಡವರು, ಕೆಲಸ ಹೋದವರು ಇನ್ನೂ ಅನೇಕರು. ಡೆಗ್ರೆಲ್ ಮಾತ್ರ ವಿಮಾನದಲ್ಲಿ ಸ್ಪೇನಿಗೆ ಪಾರಾಗಿ, 1994ರಲ್ಲಿ ಅಲ್ಲಿಯೇ ಸತ್ತ. ಉಳಿದವರ ಮನೆಗಳಲ್ಲಿ ಮಾತು ನಿಂತಿತು. ಅಪ್ಪ ಯುದ್ಧದಲ್ಲಿ ಏನು ಮಾಡುತ್ತಿದ್ದ ಎಂದು ಮಕ್ಕಳು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಹೇಗೋ ಉಳಿದುಕೊಂಡ ಒಂದೊಂದು ಬಿಲ್ಲೆ ಅಟ್ಟ ಸೇರಿತು. ಅಜ್ಜ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಅದು ಹಳೆ ಸಾಮಾನಿನವನ ಕೈಗೆ ಹೋಯಿತು. ಮಾರುವಾಗ ಮನೆಯವರು ಹೆಸರು ಹೇಳುವುದಿಲ್ಲ, ಕೊಳ್ಳುವವನೂ ಒತ್ತಾಯಿಸುವುದಿಲ್ಲ.

ನಕಲಿ ಮಾಡುವವನು ಒಳಗೆ ಬರುವುದು ಇಲ್ಲೇ. ಬೆಲೆ ಇದೆ, ಮಾಲು ಕಡಿಮೆ ಇದೆ, ಎಲ್ಲಿಂದ ಬಂತು ಎಂದು ಹೇಳದಿರುವುದೇ ವಾಡಿಕೆ. ಅವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? 'ಹೆಸರು ಹೇಳಬಾರದೆಂದು ಮನೆಯವರು ಕೇಳಿಕೊಂಡಿದ್ದಾರೆ' ಎಂಬ ಮಾತು ಅಸಲಿಗೂ ನಿಜ, ನಕಲಿಗೂ ನೆಪ. ಹೀಗಾಗಿ ಸಂಗ್ರಹಕಾರ ಭೂತಗನ್ನಡಿ ಹಿಡಿದು ಕೂರಬೇಕಾಗಿದೆ. ಲೋಹ ಹಿತ್ತಾಳೆಯೋ, ಯುದ್ಧದ ಕೊನೆಯ ವರ್ಷಗಳ ಸತುವೋ? ಹಿಂಬದಿಯ ಸೂಜಿಯನ್ನು ಬೆಸೆದ ರೀತಿ ಆ ಕಾಲದ್ದೋ? ತಯಾರಕರ ಮುದ್ರೆ ಹೊಂದುತ್ತದೆಯೋ? ಬಟ್ಟೆಯ ಬ್ಯಾಡ್ಜಾದರೆ ಅದನ್ನು ನೇರಳಾತೀತ ಬೆಳಕಿನಡಿ ಹಿಡಿಯುತ್ತಾರೆ. ಈಚಿನ ಕೃತಕ ದಾರ ಸಾಮಾನ್ಯವಾಗಿ ಬೆಳ್ಳಗೆ ಹೊಳೆದು ಗುಟ್ಟು ಬಿಟ್ಟುಕೊಡುತ್ತದೆ. ಇಷ್ಟೆಲ್ಲ ಪರೀಕ್ಷೆಯಿಂದ ತಿಳಿಯುವುದು ವಸ್ತು ಯಾವ ಕಾಲದ್ದು ಎಂಬುದಷ್ಟೇ. ಧರಿಸಿದವನು ಯಾರು, ಅದನ್ನು ಧರಿಸಿ ಏನು ಮಾಡಿದ ಎಂಬುದನ್ನು ಯಾವ ದೀಪವೂ ತೋರಿಸಲಾರದು.

ಅದೇ ಫ್ಲಾಂಡರ್ಸ್ ನೆಲಕ್ಕೆ 1914ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ಸೈನಿಕರೂ ಬಂದಿದ್ದರು, ಈಪರ್ ಪಟ್ಟಣದ ಕದನಕ್ಕೆ. ಆ ಮೊದಲ ಮಹಾಯುದ್ಧದ ಬಳಿಕ ಅವರಿಗೆ ಸಿಕ್ಕ ಬ್ರಿಟಿಷ್ ಪದಕದ ಅಂಚಿನಲ್ಲಿ ನಂಬರು, ಹೆಸರು, ಪಲ್ಟನ್ನು ಒತ್ತಿರುತ್ತಿದ್ದವು. ಯಾವುದೋ ಊರಿನ ಗುಜರಿಯಲ್ಲಿ ಸಿಕ್ಕರೂ ಆ ಹೆಸರನ್ನು ಹಿಡಿದು ಸೈನಿಕನ ದಾಖಲೆ ಹುಡುಕಹೊರಡಬಹುದು. ಹೆಸರಿಲ್ಲದ ಪಕ್ಷದ ಬಿಲ್ಲೆಗೆ ಆ ಅನುಕೂಲ ಇಲ್ಲ. ಅದರ ದಾಖಲೆ ಇರುವುದು ಮನೆಯವರ ಬಾಯಲ್ಲಿ. ಅವರು ಮಾತಾಡದೆ ಕೈದಾಟಿಸಿದ ಕ್ಷಣಕ್ಕೆ ಅದು ಸಾಕ್ಷಿಯ ಪಟ್ಟ ಕಳೆದುಕೊಂಡು ಬರೀ ಸರಕಾಗುತ್ತದೆ.

ಇಂಥವನ್ನು ಮಾರುವುದನ್ನೇ ನಿಲ್ಲಿಸಬೇಕೆ ಎಂಬ ವಾದ ಹಳೆಯದು. 2000ದಲ್ಲಿ ಪ್ಯಾರಿಸ್‌ನ ನ್ಯಾಯಾಲಯವೊಂದು, ನಾಜಿ ವಸ್ತುಗಳ ಹರಾಜು ಫ್ರಾನ್ಸಿನವರಿಗೆ ಕಾಣದಂತೆ ಮಾಡಿ ಎಂದು ಯಾಹೂ ಕಂಪನಿಗೆ ಆದೇಶಿಸಿತು. ಜರ್ಮನಿಯಲ್ಲಿ ನಾಜಿ ಚಿಹ್ನೆಗಳ ಬಹಿರಂಗ ಪ್ರದರ್ಶನ ಅಪರಾಧ. ಸಂಶೋಧನೆಗೆ, ಬೋಧನೆಗೆ, ಕಲೆಗೆ ವಿನಾಯಿತಿ ಉಂಟು. ಈ ವಿನಾಯಿತಿಯಲ್ಲಿ ವಿವೇಕವಿದೆ. ಬಿಲ್ಲೆಯನ್ನು ನಾಶ ಮಾಡಿದರೆ ಹೋಗುವುದು ಕೇವಲ ಲೋಹವಲ್ಲ, ನೆರೆಯವನೇ ನೆರೆಯವನನ್ನು ಹಿಡಿದುಕೊಟ್ಟದ್ದಕ್ಕೆ ಇರುವ ಪುರಾವೆಯೂ ಹೊರಟುಹೋಗುತ್ತದೆ. ಕಥೆ ತೆಗೆದು ವಸ್ತುವನ್ನಷ್ಟೇ ಉಳಿಸಿದರೆ ಒಂದಲ್ಲ ಒಂದು ದಿನ ಯಾರೋ ಅದನ್ನು ಒಡವೆಯಂತೆ ತೊಟ್ಟುಕೊಳ್ಳುತ್ತಾರೆ.

ಹಾಗಾದರೆ ಮದ್ದು ಮಾತಿನಲ್ಲಿದೆ. 2017ರಲ್ಲಿ ಫ್ಲಾಂಡರ್ಸ್‌ನ ಸಾರ್ವಜನಿಕ ಟಿವಿಯಲ್ಲಿ, ಜರ್ಮನರೊಡನೆ ಕೈಜೋಡಿಸಿದವರ ಮಕ್ಕಳು ಕ್ಯಾಮೆರಾ ಮುಂದೆ ಕುಳಿತು ತಮ್ಮ ಅಪ್ಪಂದಿರ ಬಗ್ಗೆ ಮಾತಾಡಿದ ಸರಣಿ ಪ್ರಸಾರವಾಯಿತು. ಎಲ್ಲರೂ ತೀರ್ಪು ಕೊಡಲಿಲ್ಲ, ಎಲ್ಲರೂ ಕ್ಷಮೆ ಕೇಳಲಿಲ್ಲ. ಹೆಸರು ಹೇಳಿದರು, ಅಷ್ಟು ಸಾಕಿತ್ತು. ಮನೆತನದ ಕಳಂಕ ಮುಚ್ಚಿಟ್ಟರೆ ಮಾನ ಉಳಿಯುತ್ತದೆ ಎಂಬುದು ಎಲ್ಲ ದೇಶದ ಮನೆಗಳ ನಂಬಿಕೆ. ಮುಚ್ಚಿಟ್ಟದ್ದರಿಂದ ಲಾಭವಾಗುವುದು ಮೂರನೆಯವನಿಗೆ: ಅದನ್ನು ಸುಳ್ಳಾಗಿ ತಯಾರಿಸುವವನಿಗೆ, ಇಲ್ಲವೇ ಹೆಮ್ಮೆಯಾಗಿ ತಿರುಗಿಸುವವನಿಗೆ.

ಕೂಡಿಡುವವರು ಕೂಡಿಡಲಿ. ಆದರೆ ಬಿಲ್ಲೆಯ ಹಿಂಬದಿಯನ್ನು ತಿರುಗಿಸಿ ಮುದ್ರೆ ಹುಡುಕುವ ಮೊದಲು ಮಾರುವವನಿಗೆ ಒಂದು ಪ್ರಶ್ನೆ ಹಾಕಲಿ: ಇದನ್ನು ತೊಟ್ಟವನು ಆ ಈಸ್ಟರ್ ಸೋಮವಾರ ಎಲ್ಲಿದ್ದ? ಉತ್ತರ ಸಿಕ್ಕರೆ ಅದನ್ನು ಬರೆದು ಬಿಲ್ಲೆಯ ಪಕ್ಕದಲ್ಲೇ ಇಡಲಿ. ಸಿಗದಿದ್ದರೆ, ತಾನು ಕೊಳ್ಳುತ್ತಿರುವುದು ಇತಿಹಾಸ ಎಂದು ಹೇಳಿಕೊಳ್ಳುವುದನ್ನಾದರೂ ಬಿಡಲಿ.